ಬಾಗಿಲಿರುವ ರೂಮು

ನನ್ನ ಗಂಡ ಸ್ನಾನಕ್ಕೆ ಹೋದದ್ದೇ ತಡ, ಅವನ ಲ್ಯಾಪ್‌ಟಾಪನ್ನು ಊಟದ ಮೇಜಿಗೆ ಸಾಗಿಸಿ, ನನ್ನದನ್ನು ಅವನ ರೂಮಿಗೆ ತಂದು ಚಿಲಕ ಹಾಕಿಕೊಂಡೆ.

ಸೇಡು ಅಂದರೆ ಸೇಡೇ. ಇಬ್ಬರಿಗೂ ಮನೆಯಿಂದಲೇ ಕೆಲಸ, ಆದರೆ ಬಾಗಿಲಿರುವ ರೂಮು ಅವನಿಗೆ, ಊಟದ ಮೇಜು ನನಗೆ. ಹೋದ ವಾರ ಟೀಮ್ ಲೀಡ್ ಹುದ್ದೆಗೆ ನನ್ನ ಇಂಟರ್‌ವ್ಯೂ. ಆ ಊಟದ ಮೇಜಿನ ಮುಂದೆ ಕೂತು ಇನ್ನೇನು ಬಾಯಿ ತೆರೆಯಬೇಕು, ಬೆಲ್ ಆಯಿತು. ರೂಮಿನಿಂದ ಇವನ ಚಾಟ್ ಬಂತು: ‘ಕೊರಿಯರ್ ಇರ್ಬೇಕು, ತಗೋ. ಹಾಗೇ ಒಂದು ಕಾಫಿ.’ ಬೆಲ್ ನಿಲ್ಲಲೇ ಇಲ್ಲ, ಎದ್ದು ಹೋದೆ. ಬರುವಷ್ಟರಲ್ಲಿ, ಮನೆ ಗಲಾಟೆ ಮುಗಿದ ಮೇಲೆ ಮಾತಾಡೋಣ ಎಂದು ಬರೆದು ಇಂಟರ್‌ವ್ಯೂ ಮಾಡುವವರು ಕಾಲ್ ಕಟ್ ಮಾಡಿದ್ದರು. ರೂಮಿನೊಳಗೆ ಇವನು ಗೆಳೆಯನ ಜೊತೆ ಹರಟುತ್ತಾ ನಗುತ್ತಿದ್ದ.

ಇದೇ ಮಹಾಶಯ ಮದುವೆಗೆ ಮುಂಚೆ ನಮ್ಮ ಆಫೀಸಿನಲ್ಲಿದ್ದಾಗ ಸ್ಟೇಪ್ಲರ್ ಕೇಳುವ ನೆಪದಲ್ಲಿ ನನ್ನ ಡೆಸ್ಕಿಗೆ ಎಡತಾಕುತ್ತಿದ್ದ. ಕಣ್ಣೆತ್ತಿ ನೋಡುವುದು, ನಾನು ನೋಡಿದರೆ ಸ್ಟೇಪ್ಲರ್ ನೋಡುವುದು. ಆ ಕಳ್ಳ ನೋಟಕ್ಕೇ ನಾನು ಸೋತದ್ದು.

ಇವತ್ತು ಇಂಟರ್‌ವ್ಯೂಗೆ ಮತ್ತೆ ಕರೆದಿದ್ದಾರೆ. ಇದೇ ಕೊನೆಯ ಅವಕಾಶ.

ಸ್ನಾನ ಮುಗಿಸಿ ಬಂದು ಬಾಗಿಲು ತಟ್ಟಿದ. “ಏನೇ ಇದು? ನಂಗೆ ಕ್ಲೈಂಟ್ ಕಾಲ್ ಇದೆ.”

“ನಂಗೂ ಇದೆ, ಇಂಟರ್‌ವ್ಯೂ. ಊಟದ ಮೇಜು ಚೆನ್ನಾಗಿದೆ, ಅಲ್ಲೇ ಕೂತ್ಕೋ.”

ಸ್ವಲ್ಪ ಹೊತ್ತಿಗೆ ಚಾಟ್ ಬಂತು: ‘ಕಾಫಿ ಆದ್ರೂ ಕೊಡೇ.’ ನಾನು ಮೀಟಿಂಗ್ ಇನ್ವೈಟ್ ಕಳಿಸಿದೆ. ವಿಷಯ: ಕಾಫಿ. ಸಮಯ: ಮುಂದಿನ ಗುರುವಾರ.

ಹೊರಗೆ ಕುಕ್ಕರ್ ಕೂಗಿತು. “ಲೋ, ಗ್ಯಾಸ್ ಆಫ್ ಮಾಡೋ,” ಅತ್ತೆ ಕೂತಲ್ಲಿಂದಲೇ ತಮ್ಮ ಮಗನಿಗೆ ಹೇಳುತ್ತಿದ್ದರು. “ಹಾಗೇ ಈ ಬಟಾಣಿ ಬಿಡಿಸ್ಕೊಡು. ಹೇಗೂ ಮನೇಲೇ ಇದೀಯಲ್ಲ.”

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಇಂಟರ್‌ವ್ಯೂ ಶುರುವಾದ ಮೇಲೆ ಬೆಲ್ ಆಯಿತು. ಇದೂ ಕೈತಪ್ಪಿತು ಅಂದುಕೊಂಡೆ. ಆದರೆ ಕುರ್ಚಿ ಸರಿದ ಸದ್ದು, ಆಮೇಲೆ ಅವನ ಪಿಸುದನಿ: “ಮೆತ್ತಗೆ ಮಾತಾಡಿ ಸರ್, ಒಳಗೆ ನನ್ ಹೆಂಡ್ತಿ ಇಂಟರ್‌ವ್ಯೂನಲ್ಲಿದ್ದಾಳೆ.” ಮತ್ತೆ ಬೆಲ್ ಆಗಲಿಲ್ಲ. ನಾನು ಕೊನೆಯವರೆಗೂ ಮಾತಾಡಿದೆ. ಹುದ್ದೆ ನಿಮ್ಮದೇ ಎಂದರು.

ಚಿಲಕ ತೆಗೆದರೆ ಬಾಗಿಲ ಹೊರಗೆ ನೆಲದ ಮೇಲೆ ಕೂತಿದ್ದ. ಕೈಯಲ್ಲಿ ಕೆನೆಗಟ್ಟಿದ ಕಾಫಿ.

“ತಟ್ಟೋಕೆ ಧೈರ್ಯ ಬರ್ಲಿಲ್ಲ,” ಎಂದ.

“ಕ್ಲೈಂಟ್ ಏನಂದ್ರು?”

“ಕುಕ್ಕರ್ ಸದ್ದು ಕೇಳಿ ನಕ್ರು. ನಂಗೆ ನಗು ಬರ್ಲಿಲ್ಲ. ಇಷ್ಟು ದಿನ ನೀನು ಇದರ ಮಧ್ಯೆನೇ ಕೆಲಸ ಮಾಡ್ತಿದ್ಯಲ್ಲ. ತಪ್ಪಾಯ್ತು ಕಣೇ.”

ಕಣ್ಣೆತ್ತಿ ನನ್ನನ್ನು ನೋಡಿದ, ನಾನು ನೋಡಿದ ಕೂಡಲೇ ಲೋಟ ನೋಡಿದ. ಸಿಟ್ಟು ಕರಗಿತು. ಆದರೂ ಅಷ್ಟು ಸುಲಭಕ್ಕೆ ಬಿಡುವವಳು ನಾನಲ್ಲ.

“ನಾಳೆನೂ ನೀನು ಹೊರಗೇ.”

“ಆಯ್ತು. ನಾಡಿದ್ದು?”

“ನಾಡಿದ್ದು ನೋಡೋಣ.”

ತಣ್ಣನೆಯ ಕಾಫಿ ಕುಡಿದು, ಅವನನ್ನು ಅಂಗಿ ಹಿಡಿದು ಒಳಗೆಳೆದುಕೊಂಡು ಚಿಲಕ ಹಾಕಿದೆ. ಮತ್ತೆ ಬೆಲ್ ಆಯಿತು. ನಾನು ಹೋಗಲಿಲ್ಲ. ಅವನನ್ನೂ ಬಿಡಲಿಲ್ಲ.