ಹತ್ತಿಮತ್ತೂರಿನ ವಾಡೆಯಲ್ಲಿ ತುಂಬಿದ ಉಡಿ

"ಉಡಿ ಒಡ್ಡ ಯವ್ವಾ."

ಸೆರಗಿನ ಮೇಲಿದ್ದ ನೀಲಾಂಬಿಕಾಳ ಕೈ ಅಲ್ಲೇ ನಿಂತಿತು.

ಹತ್ತಿ ಗಿರಣಿಯ ಸಾಹುಕಾರರು ನೂರು ವರ್ಷದ ಹಿಂದೆ ಕಟ್ಟಿಸಿದ ವಾಡೆ ಅದು. ಈಗ ಅದನ್ನು ನೋಡಿಕೊಳ್ಳುವವಳು ಶಿವಬಸವ್ವ. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಕುಪ್ಪಸದ ಕಣ ಇದ್ದ ಮೊರ ಹಿಡಿದು ಎದುರಿಗೆ ನಿಂತಿದ್ದಳು.

ಗಂಡ ಜಗದೀಶ ತೀರಿಕೊಂಡು ಎರಡು ವರ್ಷ. ಅಂದಿನಿಂದ ಯಾರೂ ನೀಲಾಂಬಿಕಾಳ ಉಡಿ ತುಂಬಿರಲಿಲ್ಲ; ಅದು ಮುತ್ತೈದೆಯರಿಗೆ ಮಾತ್ರ. ತಂಗಿಯ ಮದುವೆಯಲ್ಲೂ ಅವಳನ್ನು ಅಡುಗೆಮನೆಯಲ್ಲೇ ಕೂರಿಸಿದ್ದರು.

ಮತ್ತೆ ಇವಳು ಹೇಗೆ…?

ಕಂಬಕ್ಕೆ ಟೇಪು ಹಿಡಿದು ಅಳತೆ ತೆಗೆಯುತ್ತಿದ್ದ ಮೃತ್ಯುಂಜಯನ ಕಡೆ ನೋಡಿದಳು. ವಾಡೆಯ ನಕ್ಷೆ ತೆಗೆಯಲು ಬಂದವನು. ಹೋದ ವಾರ ಅವಳನ್ನು ಮದುವೆಯಾಗೋಣವೇ ಎಂದು ಕೇಳಿದ್ದ. ಇವತ್ತು ವಾಡೆ ತೋರಿಸಲು ಕರೆತಂದಿದ್ದ, ಉತ್ತರ ಕೇಳಲೂ. ಬಂದ ಕೂಡಲೇ ಶಿವಬಸವ್ವನ ಜೊತೆ ಏನೋ ಮೆಲ್ಲಗೆ ಮಾತಾಡಿದ್ದ.

ಅರ್ಥವಾಯಿತು… ತನ್ನ ಹೆಂಡತಿ ಎಂದು ಹೇಳಿದ್ದಾನೆ.

ಉಡಿ ತುಂಬಿಸಿಕೊಂಡವಳೇ ಅವನ ಬಳಿ ಹೋದಳು.

"ಸುಳ್ಳು ಯಾಕ ಹೇಳಿದ್ರಿ? ಗಂಡ ಸತ್ತಾಕಿ ಅನ್ನಾಕ ನಾಚಿಕಿ ಬಂತೇನ್ರಿ? ಹಂಗಿದ್ರ ಈ ಮಾತು ಇಲ್ಲಿಗೇ ಬಿಡ್ರಿ."

ಅವನು ಬಾಯಿ ತೆರೆಯುವ ಮೊದಲೇ ಶಿವಬಸವ್ವ ಹಿಂದಿನಿಂದ ಅಂದಳು:

"ಅವ ಎಲ್ಲಾ ಖರೇನ ಹೇಳ್ಯಾನವಾ. ನಿನ್ನ ಗಂಡನ ಹೆಸರು ಸೈತ ಹೇಳ್ಯಾನ. ಉಡಿ ತುಂಬಿದ್ದು ನನ್ನ ಮನಸ್ಸು. ನನಗ ಇಪ್ಪತ್ತೆರಡು ಇದ್ದಾಗ ಗಂಡ ಹೋದ. ಇದ ಪಡಸಾಲ್ಯಾಗ ಮಂದಿಗೆ ಉಡಿ ತುಂಬೂದು ಬಾಗಿಲ ಹಿಂದ ನಿಂತು ನೋಡೇನಿ. ಈಗ ಕೀಲಿಕೈ ನನ್ನ ಕಡೆ ಅದಾವ. ಯಾರ್ ಕೇಳ್ತಾರ?"

ನೀಲಾಂಬಿಕಾ ಕಟ್ಟೆಯ ಮೇಲೆ ಕೂತಳು. ಎರಡು ವರ್ಷದಿಂದ ಬಾರದ ಅಳು ಬಂತು. ಉಡಿಯ ಅಕ್ಕಿ ಚೆಲ್ಲದಂತೆ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಅತ್ತಳು.

ಮೃತ್ಯುಂಜಯ ಸ್ವಲ್ಪ ದೂರದಲ್ಲಿ ಕೂತ.

"ನಕ್ಷಾ ತಗಿಯಾಂವ ಅದೀನ್ರಿ ನಾ. ಇಲ್ಲದ ಗ್ವಾಡಿ ಐತಿ ಅಂತ ಬರದು ರೂಢಿ ಇಲ್ಲ."

ಅಳುವಿನ ನಡುವೆಯೇ ಅವಳ ತುಟಿಯಲ್ಲಿ ನಗು ಸುಳಿಯಿತು. ಆಮೇಲೆ ಹೇಳಿದಳು:

"ಅವರ ಫೋಟೋ ನನ್ನ ಖೋಲ್ಯಾಗ ಐತಿ. ಅದನ್ನ ಬಿಟ್ಟು ನಾ ಬರಂಗಿಲ್ಲ."

"ಬಿಟ್ಟು ಬರ್ರಿ ಅಂತ ಯಾರಂದ್ರು? ನಮ್ಮನಿ ಪಡಸಾಲ್ಯಾಗ ಒಂದು ಗ್ವಾಡಿ ಖಾಲಿ ಐತ್ರಿ."

"ಹಸಿ ಹಿಡಿತೈತೇನು ಅದು? ಫೋಟೋ ಕೆಡತಾವ…"

"ಇಲ್ರಿ. ಬಂದು ಮುಟ್ಟಿ ನೋಡ್ರಿ."

ಅವಳು ಕಣ್ಣೊರೆಸಿಕೊಂಡಳು.

"ಬರ್ತೇನಿ."