ಅಮೂಲ್ಯಳ ಲ್ಯಾಪ್‌ಟಾಪ್

ಆದೋನಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ವಾಗೀಶ ಇದನ್ನು ಯಾರಿಗೂ ನಂಬಿಸಲು ಹೋಗುವುದಿಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ ಪೆದ್ದಹರಿವಾಣದ ವೀರಬಸಮ್ಮ, ತೀರಿಹೋದ ಮಗಳು ಅಮೂಲ್ಯಳ ಲ್ಯಾಪ್‌ಟಾಪನ್ನು ಸೆರಗಿನಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದರು.

"ಚಾಲೂನೇ ಆಗವಲ್ದು ತಮ್ಮಾ. ಒಳಗಿಂದು ಏನೂ ಹೋಗಬಾರ್ದು ನೋಡು."

ಕೆಟ್ಟಿದ್ದು ವಿಂಡೋಸನ್ನು ಎಬ್ಬಿಸುವ ಬೂಟ್ ಲೋಡರ್ ಮಾತ್ರ. ವಾಗೀಶ ಪೆನ್‌ಡ್ರೈವ್ ಹಾಕಿ ಅದನ್ನು ಸರಿಪಡಿಸಿದ. ಪರದೆಯ ಮೇಲೆ ಎರಡು ಹೆಸರು ಮೂಡಿದವು: ವಿಂಡೋಸ್, ಅದರ ಕೆಳಗೆ ಅಮೂಲ್ಯ. ಹುಡುಗಿ ವಿಂಡೋಸಿನಂಥದೇ ಇನ್ನೊಂದು ಸಿಸ್ಟಮ್ ಹಾಕಿಕೊಂಡಿದ್ದಳೇನೋ ಎಂದುಕೊಂಡು ಎರಡನೆಯದನ್ನು ಒತ್ತಿದ. ಪರದೆ ಕಪ್ಪಾಯಿತು. ಆ ಸೆಕೆಯಲ್ಲೂ ಕೀಬೋರ್ಡು ಹಸಿಮಣ್ಣಿನಂತೆ ತಣ್ಣಗಾಯಿತು. ಸ್ಪೀಕರಿನಲ್ಲಿ ಬಳೆ ಸದ್ದಾಯಿತು. ಆಮೇಲೆ ಯಾರೋ ಮಾತಾಡುವ ಮುಂಚೆ ಉಸಿರೆಳೆದುಕೊಂಡಂತಾಯಿತು. ವಾಗೀಶ ಹೆದರಿ ಲ್ಯಾಪ್‌ಟಾಪನ್ನು ಆರಿಸಿದ. ಪೆನ್‌ಡ್ರೈವಿನಿಂದ ಮತ್ತೆ ಚಾಲೂ ಮಾಡಿ ಆ ಹೆಸರನ್ನೇ ಅಳಿಸಿಬಿಟ್ಟ. ವಿಂಡೋಸ್ ಸಲೀಸಾಗಿ ತೆರೆಯಿತು.

ಹೊರಗೆ ಬೆಂಚಿನ ಮೇಲೆ ಕೂತಿದ್ದ ವೀರಬಸಮ್ಮ ಒಳಗೆ ಬಂದವರು ಪರದೆಯ ಮೇಲಿದ್ದ ಮಗಳ ಫೋಟೊಗಳ ಕಡೆ ನೋಡಲೇ ಇಲ್ಲ. ಬಗ್ಗಿ ಕೀಬೋರ್ಡಿಗೆ ಕಿವಿ ಹಚ್ಚಿದರು.

"ಏನ್ ಕೇಳಾಕ ಹತ್ತೀರಮ್ಮಾ?"

"ದಿನಾ ಹಚ್ಚಿದ ಕೂಡ್ಲೆ ಅವ್ವಾ ಅಂತಿದ್ಲು ಆಕಿ. ಈಗ್ಯಾಕ ಮಾತಾಡವಲ್ಲಳು?"

ವಾಗೀಶ ಲ್ಯಾಪ್‌ಟಾಪನ್ನು ಮತ್ತೆ ತನ್ನ ಕಡೆ ಎಳೆದುಕೊಂಡ. ಅಳಿಸಿದ್ದನ್ನು ಮರಳಿ ತರಲು ಸಂಜೆಯವರೆಗೆ ಹೆಣಗಿದ, ಆಗಲಿಲ್ಲ. ಆ ಉಸಿರಿನ ಮುಂದಿನ ಮಾತಿನವರೆಗೆ ತಾನು ತಾಳಿದ್ದರೆ ಆ ತಾಯಿಗೂ ಕೇಳಿಸುತ್ತಿತ್ತು ಎಂಬುದು ಅವನನ್ನು ಇವತ್ತಿಗೂ ಕೊರೆಯುತ್ತದೆ.

ಹೆಸರು ಅಳಿಸಿದರೂ ಆ ಸಿಸ್ಟಮ್ ಡಿಸ್ಕಿನಲ್ಲಿ ಉಳಿದಿರಲೇಬೇಕು. ಆ ಸಂಜೆಯೇ ಅವನು ಡಿಸ್ಕನ್ನು ಪೂರ್ತಿ ಜಾಲಾಡಿದ್ದ. ವಿಂಡೋಸ್ ಬಿಟ್ಟರೆ ಅದರಲ್ಲಿ ಬೇರೆ ಯಾವ ಸಿಸ್ಟಮನ್ನೂ ಯಾರೂ ಎಂದೂ ಹಾಕಿರಲಿಲ್ಲ.