ಸೀಟಿನ ಕೆಳಗಿನ ಹೆಸರು

ಬೆಳಿಗ್ಗೆ ಎಂಟಕ್ಕೆ ಪ್ರಿನ್ಸಿಪಾಲರು ಶೆಡ್ಡಿನ ಬಾಗಿಲು ತೆಗೆದರು. ಎಂಟೂ ಐದಕ್ಕೆ ಠಾಣೆಗೆ ಫೋನ್ ಬಂತು. ಎಂಟೂವರೆಗೆ ಇನ್ಸ್‌ಪೆಕ್ಟರ್ ಆ ಹಳೇ ಕಾರಿನ ಪಕ್ಕ ನಿಂತಿದ್ದಳು. ಜೊತೆಗೆ, ಠಾಣೆಯವರೆಲ್ಲ ಮೀಸೆ ಎಂದೇ ಕರೆಯುವ ಕಾನ್‌ಸ್ಟೆಬಲ್.

ಅರವತ್ತು ವರ್ಷದ ಕಾರು. ಹೊರಮೈ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಒಳಗೆ ಮಾತ್ರ ಕಣ್ಣಿಟ್ಟು ನೋಡುವ ಹಾಗಿರಲಿಲ್ಲ. ಕೆಂಗಂದು ಚರ್ಮದ ಸೀಟುಗಳನ್ನು ಯಾರೋ ಚಾಕುವಿನಿಂದ ಅಡ್ಡಾದಿಡ್ಡಿ ಸೀಳಿದ್ದರು. ಮುಂದಿನವೆರಡು, ಹಿಂದಿನ ಉದ್ದನೆಯದು, ಒಂದನ್ನೂ ಬಿಟ್ಟಿರಲಿಲ್ಲ. ಸೀಳಿನಿಂದ ಹತ್ತಿ ಹೊರಬಂದು ಜೋತಾಡುತ್ತಿತ್ತು.

"ಎರಡು ವರ್ಷ ಮೇಡಂ," ಎಂದರು ಪ್ರಿನ್ಸಿಪಾಲರು. ನಿವೃತ್ತರಾಗಿದ್ದರೂ ಕಾಲೇಜಿನ ಗತ್ತು ಹೋಗಿರಲಿಲ್ಲ. "ಇದೇ ಶೆಡ್ಡಲ್ಲಿ, ಇದೇ ಎರಡು ಕೈಯಲ್ಲಿ ಮಾಡಿದ್ದು. ಸೀಟು, ಬಾಗಿಲಿನ ಒಳಹೊದಿಕೆ, ಮೇಲಿನ ಬಟ್ಟೆ, ಪ್ರತಿಯೊಂದು ಹೊಲಿಗೆ ನಂದು. ಇವತ್ತು ಸಂಜೆ ನಾಲ್ಕಕ್ಕೆ ಹಳೇ ಕಾರು ಸಂಘದ ತೀರ್ಪುಗಾರರು ಬರ್ತಾರೆ."

ಬಾನೆಟ್ಟಿನ ಮೇಲೆ ಒಂದು ಫಲಕವಿತ್ತು. 'ಒಳಾಂಗಣ ಸಂಪೂರ್ಣವಾಗಿ ಮಾಲೀಕರ ಸ್ವಂತ ಕೈಕೆಲಸ.' ಸಂಘದ ದೊಡ್ಡ ಬಹುಮಾನ ಇರುವುದೇ ಆ ವಿಭಾಗಕ್ಕೆ.

"ಯಾರ ಮೇಲಾದರೂ ಅನುಮಾನ?"

"ಅನುಮಾನ ಯಾಕೆ, ಸಾಕ್ಷಿಯೇ ಇದೆ." ಪ್ರಿನ್ಸಿಪಾಲರು ಅಂಗೈ ಚಾಚಿದರು. ಅದರಲ್ಲಿ ಅರ್ಧಚಂದ್ರದಂತೆ ಬಾಗಿದ ಒಂದು ದಪ್ಪ ಸೂಜಿ. "ಕಾರಿನ ಕೆಳಗೆ ಬಿದ್ದಿತ್ತು. ಮಾರ್ಕೆಟ್ ಬೀದಿಯಲ್ಲಿ ಸೀಟು ಹೊಲಿಯೋ ಹೆಂಗಸೊಬ್ಬಳಿದ್ದಾಳೆ, ಸೂಜಕ್ಕ ಅಂತಾರೆ. ಅವಳದ್ದು. ನನ್ನ ಹತ್ರ ಇಂಥ ಸೂಜಿ ಯಾವತ್ತೂ ಇರ್ಲಿಲ್ಲ."

"ಅವರು ಇಲ್ಲಿಗೆ ಬರ್ತಿದ್ದರಾ?"

"ಒಂದೆರಡು ಸಲ ದಾರ ತಂದುಕೊಟ್ಟಿದ್ದಳು, ಅಷ್ಟೇ. ಮೊನ್ನೆ ಪೇಪರಲ್ಲಿ ನನ್ನ ಫೋಟೊ ಬಂತು ನೋಡಿ, ಅದಕ್ಕೆ ಹೊಟ್ಟೆಉರಿ. ನಿನ್ನೆ ಬೆಳಿಗ್ಗೆ ಬಂದು ಗೇಟಲ್ಲಿ ನಿಂತು ಕೂಗಾಡಿದಳು. ಅಕ್ಕಪಕ್ಕದವರೆಲ್ಲ ಕೇಳಿಸಿಕೊಂಡಿದ್ದಾರೆ."

ಶೆಡ್ಡಿಗೆ ಬರೀ ಚಿಲಕ. ನಿನ್ನೆ ಸಂಜೆ ಪ್ರಿನ್ಸಿಪಾಲರ ಹೆಂಡತಿ ತಮ್ಮ ಅಕ್ಕನ ಮನೆಗೆ ಹೋಗಿದ್ದರು. ಪ್ರಿನ್ಸಿಪಾಲರು ವಾಕಿಂಗಿಗೆ ಹೋಗಿದ್ದರಂತೆ.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಇನ್ಸ್‌ಪೆಕ್ಟರ್ ಅವರತ್ತ ತಿರುಗಿದಳು. "ಆ ಹೆಂಗಸು ನಿಮಗೆ ಪರಿಚಯವಾ ಅಮ್ಮ?"

"ಅವಳಿಗೇನೂ ಗೊತ್ತಿಲ್ಲ," ಎಂದರು ಪ್ರಿನ್ಸಿಪಾಲರು.

ಕೇಳಿದ್ದು ಒಬ್ಬರನ್ನ, ಉತ್ತರ ಇನ್ನೊಬ್ಬರದ್ದು. ಇನ್ಸ್‌ಪೆಕ್ಟರಿಗೆ ಅದು ಹಿಡಿಸಲಿಲ್ಲ. ಆದರೂ ದೂರು ದೂರೇ. "ಸೂಜಕ್ಕನ್ನ ಠಾಣೆಗೆ ಕರ್ಕೊಂಡು ಬಾ," ಎಂದು ಮೀಸೆಯನ್ನು ಕಳಿಸಿದಳು.

ಹೊರಡುವ ಮುಂಚೆ ಅವಳು ಮತ್ತೊಮ್ಮೆ ಕಾರಿನೊಳಗೆ ಬಗ್ಗಿದಳು. ಹಿಂದಿನ ಸೀಟು ಒಂದು ಬೆರಳಿನಷ್ಟು ಸೊಟ್ಟಗೆ ಕೂತಿತ್ತು. ಅದರ ಮುಂದಿನ ಅಂಚಿನ ಕಬ್ಬಿಣಕ್ಕೆ ಬಳಿದಿದ್ದ ಹೊಸ ಬಣ್ಣ ಮೂರು ಕಡೆ ಕಿತ್ತುಬಂದಿತ್ತು.

* * *

ಠಾಣೆಯ ಬೆಂಚಿನ ಮೇಲೆ ಸೂಜಕ್ಕ ನೆಟ್ಟಗೆ ಕೂತಿದ್ದಳು. ಐವತ್ತೈದರ ಹೆಂಗಸು. ಬೆರಳ ತುದಿಗಳೆಲ್ಲ ಜಡ್ಡುಗಟ್ಟಿದ್ದವು.

"ಜೀಪಲ್ಲಿ ಹತ್ತಿಸ್ಕೊಂಡು ಬಂದ್ರಲ್ಲ, ಬೀದಿಗೆ ಬೀದಿಯೇ ಅಂಗಡಿ ಬಿಟ್ಟು ಬಂದು ನೋಡ್ತು," ಎಂದಳು. "ಮೂವತ್ತು ವರ್ಷದಿಂದ ಜನ ತಮ್ಮ ಗಾಡಿ ಕೀಲಿಕೈ ನನ್ನ ಕೈಗೆ ಕೊಟ್ಟು ಹೋಗ್ತಾರೆ. ನಾಳೆಯಿಂದ ಯಾರು ಕೊಡ್ತಾರೆ? ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಮೇಡಂ."

ಇನ್ಸ್‌ಪೆಕ್ಟರಿಗೆ ಚುರುಕ್ ಎಂದಿತು. ಕರೆತರಲು ಹೇಳಿದ್ದು ತಾನೇ. ಜೀಪು ಬೇಡ ಅನ್ನಬಹುದಿತ್ತು, ಅನ್ನಲಿಲ್ಲ.

"ನಿನ್ನೆ ಗೇಟಲ್ಲಿ ಏನಂದ್ರಿ?"

"ಹದಿನಾಲ್ಕು ತಿಂಗಳು ಪ್ರತಿ ಭಾನುವಾರ ಆ ಶೆಡ್ಡಲ್ಲಿ ಬೆನ್ನು ಬಗ್ಗಿಸಿದ್ದು ನಾನು. ಕೂಲಿ ಬಂದಿದೆ, ಅದರ ಮಾತಲ್ಲ. ಪೇಪರ್ ತೆಗೆದು ನೋಡ್ತೀನಿ, ಸೂಜಿ ಹಿಡ್ಕೊಂಡು ಅವರು ಕೂತಿದ್ದಾರೆ, ಎಲ್ಲ ನಾನೇ ಹೊಲಿದೆ ಅಂತ. ಸೂಜಿ ಹಿಡಿದಿರೋದೂ ತಲೆಕೆಳಗು. ಮೈಯೆಲ್ಲ ಉರಿದುಹೋಯ್ತು. ಹೋಗಿ ಹೇಳ್ದೆ, ಸೀಟು ಎತ್ತಿ ನೋಡಿದ್ರೆ ಯಾರು ಹೊಲಿದಿದ್ದು ಅಂತ ತೀರ್ಪುಗಾರರಿಗೇ ಗೊತ್ತಾಗುತ್ತೆ ಅಂತ."

"ಹೆಸರು ಬರೆದಿದ್ದೀರಿ."

ಸೂಜಕ್ಕ ತಲೆಯೆತ್ತಿ ನೋಡಿದಳು. "ನಿಮಗೆ ಹೇಗೆ ಗೊತ್ತು?"

ಇನ್ಸ್‌ಪೆಕ್ಟರಿಗೆ ಗೊತ್ತಿರದೆ ಏನು? ಅವಳ ಅಪ್ಪ ಬಸ್ ಡಿಪೋದಲ್ಲಿ ಸೀಟು ಹೊಲಿಯುತ್ತಿದ್ದವರು. ಕೆಲಸ ಮುಗಿದ ಮೇಲೆ ಸೀಟಿನ ತಳದ ಗೋಣಿಬಟ್ಟೆಯ ಮೇಲೆ ಹೆಸರು ಬರೆಯುವುದು ಆ ಕಸುಬಿನ ರೂಢಿ. ಮುಂದೆ ಎಂದೋ ಬಿಚ್ಚುವವನಿಗೆ ಒಂದು ಮಾತನ್ನೂ ಬರೆದಿಡುತ್ತಾರೆ. ಕೂರುವವರು ಯಾರೂ ಓದುವುದಿಲ್ಲ. ಅಪ್ಪ ಮಗಳಿಂದಲೂ ಬರೆಸುತ್ತಿದ್ದರು. ಒಂದು ಕಾಲದಲ್ಲಿ ಊರಿನ ಅರ್ಧ ಬಸ್ಸುಗಳು ಅವಳ ಹೆಸರು ಹೊತ್ತೇ ಓಡಾಡುತ್ತಿದ್ದವು.

"ಅಲ್ಲಿ ನನ್ನದೊಂದೇ ಇರಲಿಲ್ಲ," ಎಂದಳು ಸೂಜಕ್ಕ. "ಅರವತ್ತು ವರ್ಷದ ಹಿಂದೆ ಹೊಲಿದವನ ಹೆಸರೂ ಇತ್ತು. ಆ ಹಳೇ ತುಂಡನ್ನ ಎಸೀಲಿಲ್ಲ. ಹೊಸ ಬಟ್ಟೆಗೆ ಕೂಡಿಸಿ ಹೊಲಿದು, ಅದರ ಕೆಳಗೆ ನಂದು ಬರೆದೆ."

* * *

ಮಧ್ಯಾಹ್ನ ಪ್ರಿನ್ಸಿಪಾಲರೇ ಫೋನ್ ಮಾಡಿ ಇನ್ನೊಂದು ಹೆಸರು ತೂರಿಬಿಟ್ಟರು. ಭಾವಮೈದ. ಕಾರು ಮೂಲದಲ್ಲಿ ಮಾವನವರದ್ದು, ಅದು ತನಗೆ ಸೇರಬೇಕೆಂದು ಅವನು ಹೋದ ತಿಂಗಳು ಜಗಳ ತೆಗೆದಿದ್ದನಂತೆ. ಮೀಸೆ ಹೋಗಿ ವಿಚಾರಿಸಿ ಬಂದ. ಭಾವಮೈದ ರೈಲ್ವೆ ಗಾರ್ಡ್. ನಿನ್ನೆ ಮಧ್ಯಾಹ್ನದಿಂದ ಇವತ್ತು ಬೆಳಗಿನ ತನಕ ರೈಲಿನಲ್ಲೇ ಇದ್ದ.

"ಒಬ್ಬಳ ಮೇಲೆ ಸಾಕ್ಷಿಯೇ ಇದೆ ಅಂದವರಿಗೆ ಇನ್ನೊಬ್ಬನ ಹೆಸರು ಯಾಕೆ ಬೇಕಾಯ್ತು?" ಎಂದಳು ಇನ್ಸ್‌ಪೆಕ್ಟರ್.

ಮೀಸೆ ಮೀಸೆ ತೀಡಿದ. "ನಾನು ಅವರ ಕಾಲೇಜಲ್ಲೇ ಓದಿದ್ದು ಮೇಡಂ. ಪರೀಕ್ಷೇಲಿ ಪಕ್ಕದವನ ಪೇಪರ್ ನೋಡ್ದೆ. ಎಬ್ಬಿಸಿ ನಿಲ್ಲಿಸಿದ್ರು. ಏನು ಮಾಡ್ದೆ ಅಂತ ನೀನೇ ಹೇಳು, ಕೊನೆ ಬೆಂಚಿಗೂ ಕೇಳ್ಬೇಕು ಅಂದ್ರು. ಇಡೀ ಹಾಲು ನಕ್ಕಿತು. ಆಮೇಲೆ ಹೊರಗೆ ಕಳಿಸಿದ್ರು. ನಾನು ನೋಡಿದ್ದು ಒಂದೇ ಪ್ರಶ್ನೆ."

"ನಡಿ," ಎಂದಳು ಅವಳು. "ಸೂಜಕ್ಕನೂ ಬರಲಿ."

* * *

ಮೂರು ಗಂಟೆಗೆ ಎಲ್ಲರೂ ಶೆಡ್ಡಿನಲ್ಲಿದ್ದರು. ಸೂಜಕ್ಕ ಸೀಳಿದ ಸೀಟುಗಳನ್ನು ಕಂಡಳು. ಒಂದು ಸೀಳಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಸೇರಿಸಿ ಹಿಡಿದಳು, ಬಿಟ್ಟಳು.

"ಇವಳನ್ನ ಯಾಕೆ ಕರ್ಕೊಂಡು ಬಂದ್ರಿ?" ಎಂದು ಪ್ರಿನ್ಸಿಪಾಲರು ಸಿಡುಕಿದರು. "ತೀರ್ಪುಗಾರರು ಬರೋ ಹೊತ್ತು. ಪುಣ್ಯಕ್ಕೆ ನನ್ನ ಹತ್ರ ಫೋಟೊ ಇವೆ. ಫೋಟೊ ನೋಡಿಯೇ ತೀರ್ಮಾನ ಮಾಡ್ತೀವಿ ಅಂದಿದ್ದಾರೆ."

"ಒಂದೇ ಒಂದು ಕೆಲಸ ಸರ್. ಹಿಂದಿನ ಸೀಟಿನ ತಳ ನೋಡ್ಬೇಕು. ಸ್ವಲ್ಪ ಎತ್ತಿಕೊಡ್ತೀರಾ? ನೀವೇ ಕೂರಿಸಿದ್ದಲ್ವಾ."

ಪ್ರಿನ್ಸಿಪಾಲರು ಒಂದು ಕ್ಷಣ ತಡವರಿಸಿದರು. ಆಮೇಲೆ ಕಾರಿನೊಳಗೆ ಬಗ್ಗಿ ಎರಡೂ ಕೈಯಿಂದ ಸೀಟನ್ನು ಮೇಲಕ್ಕೆ ಎಳೆದರು. ಅದು ಮಿಸುಕಲಿಲ್ಲ. ಮತ್ತೆ ಎಳೆದರು. ಹಣೆಯಲ್ಲಿ ಬೆವರು ಬಂತು. ಗೋಡೆಗೆ ನೇತುಹಾಕಿದ್ದ ದೊಡ್ಡ ಸ್ಕ್ರೂಡ್ರೈವರ್ ತಂದು, ಅದರ ತುದಿಯನ್ನು ಮುಂದಿನ ಅಂಚಿಗೆ ಕೊಟ್ಟರು.

"ಅಲ್ಲೇ ನಿಲ್ಲಿಸಿ ಸರ್. ಕೈ ಅಲ್ಲಾಡಿಸಬೇಡಿ."

ಸ್ಕ್ರೂಡ್ರೈವರಿನ ತುದಿ, ಬೆಳಿಗ್ಗೆ ಅವಳು ಕಂಡಿದ್ದ ಬಣ್ಣ ಕಿತ್ತ ಗುರುತಿನ ಮೇಲೆ ಸರಿಯಾಗಿ ಕೂತಿತ್ತು. ಅಗಲವೂ ಅಷ್ಟೇ.

"ಸೂಜಕ್ಕ, ನೀವು ಎತ್ತಿ."

ಸೂಜಕ್ಕ ಬಂದಳು. ಸೀಟಿನ ಮುಂಭಾಗವನ್ನು ಮೊಣಕಾಲಿನಿಂದ ಹಿಂದಕ್ಕೆ ಒತ್ತಿದಳು. ಟಕ್ ಎಂದಿತು. ಒಂದೇ ಕೈಯಲ್ಲಿ ಸೀಟು ಎದ್ದುಬಂತು. ತಿರುಗಿಸಿದರೆ ತಳದ ಗೋಣಿಬಟ್ಟೆಯಲ್ಲಿ ಅಂಗೈಯಷ್ಟು ಅಗಲದ ಚೌಕವನ್ನು ಯಾರೋ ಕತ್ತರಿಯಿಂದ ನೀಟಾಗಿ ತೆಗೆದಿದ್ದರು.

"ಅದನ್ನೂ ಇವಳೇ ಕತ್ತರಿಸಿರಬೇಕು," ಎಂದರು ಪ್ರಿನ್ಸಿಪಾಲರು. "ತನ್ನ ಹೆಸರು ಸಿಕ್ಕಿದ್ರೆ ಸಿಕ್ಕಿಹಾಕ್ಕೊಳ್ತೀನಿ ಅಂತ."

"ಅಲ್ಲಿ ಹೆಸರಿತ್ತು ಅಂತ ನಾನು ನಿಮಗೆ ಹೇಳಿಲ್ಲ, ನಿನ್ನೆ ಗೇಟಲ್ಲಿ ಇವರೂ ಹೇಳಿಲ್ಲವಲ್ಲ ಸರ್."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಇಲ್ಲಿ ಯಾರೂ ಕಳ್ಳ ಅನ್ನುವ ಮೊದಲೇ ಹೆಗಲು ಒರೆಸಿಕೊಂಡಾಗಿತ್ತು.

ಇನ್ಸ್‌ಪೆಕ್ಟರ್ ದನಿ ಏರಿಸಲಿಲ್ಲ. ಆದರೆ ಅವಳ ಕಿವಿಗಳು ಕೆಂಪಾಗಿದ್ದವು. "ತೀರ್ಪುಗಾರರು ಸೀಟು ಎತ್ತಿ ನೋಡ್ತಾರೆ ಅಂತ ನಿಮಗೆ ಗೊತ್ತಿತ್ತು. ತಳದಲ್ಲಿ ಏನೋ ಗುರುತಿದೆ ಅಂತ ನಿನ್ನೆ ಬೆಳಿಗ್ಗೆ ಇವರ ಬಾಯಿಂದ ಗೊತ್ತಾಯ್ತು. ಸಂಜೆ ಮನೆಯಲ್ಲಿ ಯಾರೂ ಇಲ್ಲ. ಎತ್ತೋಕೆ ಹೋದ್ರಿ, ಬರಲಿಲ್ಲ. ಮೀಟಿದ್ರಿ, ಬಣ್ಣ ಕಿತ್ತಿತು. ಹೆಸರು ಕತ್ತರಿಸಿದ್ರಿ, ತೂತು ಉಳೀತು. ಸೀಟು ವಾಪಸ್ ಕೂರಿಸೋಕೂ ಬರಲಿಲ್ಲ. ತೂತು ಯಾಕೆ, ಗೀರು ಯಾಕೆ ಅಂತ ತೀರ್ಪುಗಾರರು ಕೇಳ್ತಾರೆ. ಅದಕ್ಕೆ ಚಾಕು ತಗೊಂಡು ಎಲ್ಲ ಸೀಳಿದ್ರಿ. ತೂತೂ ಮುಚ್ಚಿತು, ಇವರ ಬಾಯೂ ಮುಚ್ಚಿತು, ಬಹುಮಾನ ಫೋಟೊಗೆ."

"ಬರೀ ಊಹೆ."

"ಇವರು ಭಾನುವಾರದ ಕೆಲಸದಲ್ಲಿ ಬಿಟ್ಟುಹೋದ ಈ ಸೂಜಿ ಊಹೆಯಲ್ಲ." ಬಾಗಿದ ಸೂಜಿಯನ್ನು ಅವಳು ಎತ್ತಿ ಹಿಡಿದಳು. "ಸೀಟಿನ ಅಂಚು ಮುಚ್ಚೋ ಕೊನೇ ಹೊಲಿಗೆಗೆ ನೇರ ಸೂಜಿ ತಿರುಗೋದೇ ಇಲ್ಲ. ಇಂಥದ್ದೇ ಬೇಕು. ಇಂಥ ಸೂಜಿ ನಿಮ್ಮ ಹತ್ರ ಯಾವತ್ತೂ ಇರ್ಲಿಲ್ಲ ಅಂತ ನೀವೇ ಹೇಳಿದ್ರಿ. ಹಾಗಾದ್ರೆ ಪ್ರತಿಯೊಂದು ಹೊಲಿಗೆ ನಿಮ್ಮದು ಹೇಗಾಯ್ತು?"

ಪ್ರಿನ್ಸಿಪಾಲರು ಬಾಯಿ ತೆರೆದರು. ಅಷ್ಟರಲ್ಲಿ ಅವರ ಹೆಂಡತಿ ಒಳಗಿನಿಂದ ಬಂದರು. ಕೈಯಲ್ಲಿ ಮಡಚಿದ ಒಂದು ಗೋಣಿಬಟ್ಟೆಯ ತುಂಡು.

"ತೊಳೆಯೋಕೆ ಅಂತ ಪ್ಯಾಂಟು ತಗೊಂಡೆ, ಜೇಬಲ್ಲಿತ್ತು," ಎಂದರು. "ಇದು ನಮ್ಮಪ್ಪನ ಕಾರು. ಹದಿನಾಲ್ಕು ತಿಂಗಳು ಭಾನುವಾರ ಭಾನುವಾರ ಈಕೆಗೆ ಕಾಫಿ ಕೊಟ್ಟೋಳು ನಾನು. ಮನೆ ಮರ್ಯಾದೆ ಅಂತ ಬೆಳಿಗ್ಗೆಯಿಂದ ಬಾಯಿ ಹೊಲ್ಕೊಂಡಿದ್ದೆ. ಇನ್ನೊಬ್ಬರ ಮರ್ಯಾದೆ ಕಳೆದು ಉಳಿಸ್ಕೊಳ್ಳೋ ಮರ್ಯಾದೆ ನನಗೆ ಬೇಡ."

ಇನ್ಸ್‌ಪೆಕ್ಟರ್ ಬಟ್ಟೆ ಬಿಡಿಸಿದಳು. ಮೇಲೆ ಮಾಸಿದ ನೀಲಿ ಶಾಯಿಯಲ್ಲಿ 'ಹೊಲಿದವನು ದೊಡ್ಡ ಕತ್ತರಿ' ಎಂದಿತ್ತು, ಅರವತ್ತು ವರ್ಷದ ಹಿಂದಿನವನ ಅಡ್ಡಹೆಸರು. ಅದರ ಕೆಳಗೆ ಹೊಸ ಅಕ್ಷರ: 'ಸೂಜಕ್ಕ. ಎಡಗಡೆ ಸ್ಪ್ರಿಂಗು ಹಳೇದೇ ಇದೆ, ಬಿಚ್ಚುವಾಗ ಜೋಪಾನ.'

ಪ್ರಿನ್ಸಿಪಾಲರು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದರು.

* * *

"ಸುಳ್ಳು ದೂರಿಗೆ ಕೇಸು ಹಾಕ್ತೀನಿ," ಎಂದಳು ಇನ್ಸ್‌ಪೆಕ್ಟರ್. "ಸಂಘಕ್ಕೂ ತಿಳಿಸ್ತೀನಿ. ನಿಮಗೆ ಇನ್ನೇನಾದರೂ ಬೇಕಾ ಸೂಜಕ್ಕ?"

"ಜೀಪಲ್ಲಿ ಕರ್ಕೊಂಡು ಬರುವಾಗ ಎಲ್ಲರೂ ನೋಡಿದ್ರು. ವಾಪಸ್ ಬಿಡುವಾಗಲೂ ನೋಡ್ಲಿ. ಇವರೂ ಜೊತೇಲಿ ಬರ್ಲಿ."

ಪ್ರಿನ್ಸಿಪಾಲರು ಹೆಂಡತಿಯ ಮುಖ ನೋಡಿದರು. ಹೆಂಡತಿ ಗೇಟಿನತ್ತ ಕೈ ತೋರಿದರು.

ಮಾರ್ಕೆಟ್ ಬೀದಿಯಲ್ಲಿ ಸಂಜೆಯ ವ್ಯಾಪಾರ ಆಗಷ್ಟೇ ಶುರುವಾಗಿತ್ತು. ಜೀಪು ಸೂಜಕ್ಕನ ಅಂಗಡಿಯ ಮುಂದೆ ನಿಂತಿತು. ತರಕಾರಿಯವನು ತಕ್ಕಡಿ ಕೆಳಗಿಟ್ಟ. ಟೈರ್ ಅಂಗಡಿಯವರು ಹೊರಗೆ ಬಂದರು. ಸೂಜಕ್ಕ ಇಳಿದಳು. ಅವಳ ಹಿಂದೆ ಪ್ರಿನ್ಸಿಪಾಲರು ಇಳಿದರು. ತಮ್ಮ ಚಪ್ಪಲಿ ನೋಡುತ್ತ ಏನೋ ಗೊಣಗಿದರು.

ಯಾರಿಗೂ ಕೇಳಿಸಲಿಲ್ಲ.

ಮೀಸೆ ಮುಂದೆ ಬಂದು ಪಕ್ಕದಲ್ಲಿ ನಿಂತ. ಅವನ ದನಿಯಲ್ಲಿ ವಿನಯ ಕಿಂಚಿತ್ತೂ ಕಡಿಮೆಯಿರಲಿಲ್ಲ.

"ಏನು ಮಾಡಿದ್ರಿ ಅಂತ ನೀವೇ ಹೇಳಿ ಸರ್. ಕೊನೆ ಬೆಂಚಿಗೂ ಕೇಳ್ಬೇಕು."

ಪ್ರಿನ್ಸಿಪಾಲರು ಮತ್ತೆ ಹೇಳಿದರು. ಈ ಸಲ ಬೀದಿಯ ಆ ತುದಿಗೂ ಕೇಳಿಸಿತು. ಸೂಜಕ್ಕ ಕೊನೆಯ ಮಾತಿನ ತನಕ ನಿಂತು ಕೇಳಿಸಿಕೊಂಡಳು. ಆಮೇಲೆ ಅಂಗಡಿಯ ಬೀಗ ತೆಗೆದಳು.